ಮುಟ್ಟಬಾರದ ದಿನಗಳು

ಜುಲೈ 7, ಸೋಮವಾರ

ಇಲ್ಲಿ ಗಂಟೆ ಹೊಡೆಯುವುದಿಲ್ಲ. ಕೂನೂರಿನ ಹಾಸ್ಟೆಲ್ಲಿನಲ್ಲಿ ಏಳುವುದಕ್ಕೊಂದು, ಉಣ್ಣುವುದಕ್ಕೊಂದು, ದೀಪ ಆರಿಸುವುದಕ್ಕೊಂದು ಗಂಟೆ ಇತ್ತು. ಅಮ್ಮ ತೀರಿಕೊಂಡ ವರ್ಷ ಅಪ್ಪ ನನ್ನನ್ನು ಅಲ್ಲಿ ಬಿಟ್ಟು ಮಸ್ಕತ್ತಿಗೆ ಹೋದರು. ಅಕ್ಕ ಧಾರವಾಡದಲ್ಲಿ ಅಜ್ಜಿಯ ಹತ್ತಿರ ಉಳಿದಳು. ಈಗ ಕಾಲೇಜಿಗೆಂದು ಚೆನ್ನೈಗೆ ಬಂದು, ವೆಸ್ಟ್ ಮಾಂಬಳದಲ್ಲಿರುವ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿದ್ದೇನೆ. ಬೆಳಿಗ್ಗೆ ಎಚ್ಚರವಾದ ಮೇಲೂ ಏಳಬಹುದೋ ಬೇಡವೋ ತಿಳಿಯದೆ ಮಲಗಿಯೇ ಇರುತ್ತೇನೆ. ಉಗುರು ಕಚ್ಚಿ ಕಚ್ಚಿ ಹೆಬ್ಬೆರಳಲ್ಲಿ ರಕ್ತ.

ಹಾಸ್ಟೆಲ್ಲಿನಲ್ಲಿ ಮೇಟ್ರನ್ ಎಲ್ಲರ ಡೈರಿ ಓದುತ್ತಿದ್ದಳು. ನನ್ನದನ್ನು ಓದಲು ಆಗುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಅಕ್ಕ ನನ್ನ ಬೆರಳು ಹಿಡಿದು ರಂಗೋಲಿ ಪುಡಿಯಲ್ಲಿ ಕನ್ನಡ ಅಕ್ಷರ ತಿದ್ದಿಸಿದ್ದಳು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವ ಹುಡುಗಿ ಎಂದು ಈಗಲೂ ನಗುತ್ತಾಳೆ. ಇಲ್ಲಿಯೂ ಭಯವಿಲ್ಲ. ಈ ಮನೆಯವರು ಎಷ್ಟೋ ತಲೆಮಾರಿನಿಂದ ಮದರಾಸಿನವರು. ಕನ್ನಡ ಆಡುತ್ತಾರೆ, ಓದಲಾರರು. ಭಾವ ದಾಸರ ಪದಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ.

ಭಾವ, ಗುರುಚರಣ, ಪೆರುಂಗುಡಿಯ ಆಫೀಸಿನಲ್ಲಿ ಮ್ಯಾನೇಜರ್. ಎಷ್ಟು ಮೆದು ದನಿ! ಇವತ್ತು ನನ್ನನ್ನು ಕೂರಿಸಿಕೊಂಡು, "ಅನು ಕಣ್ಣಾ, ಯಾವುದಕ್ಕೂ ಪಯಪಡಬೇಡ. ಏನು ಮಾಡೋದಿದ್ರೂ ಮೊದಲು ನನ್ನ ಕೇಳು. ಅಷ್ಟೇ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೇನೆ" ಅಂದರು. ಕಚ್ಚುತ್ತಿದ್ದ ಬೆರಳನ್ನು ಬಾಯಿಂದ ತೆಗೆದೆ. ನನ್ನೊಂದಿಗೆ ಮಾತಾಡುವಾಗ ಅಕ್ಕನ ಮಣಿಕಟ್ಟನ್ನು ಹಿಡಿದೇ ಇದ್ದರು, ಒಮ್ಮೆಯೂ ಬಿಡಲಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಇಷ್ಟು ಪ್ರೀತಿ. ಅಪ್ಪ ಅಮ್ಮನ ಕೈ ಹಿಡಿದದ್ದು ನನಗೆ ನೆನಪೇ ಇಲ್ಲ.

ಜುಲೈ 12, ಶನಿವಾರ

ಈ ಮನೆಯಲ್ಲಿ ಶನಿವಾರ ಸಂಜೆ ರಿವ್ಯೂ ಇರುತ್ತದೆ! ಕಾಫಿ ಆದ ಮೇಲೆ ಭಾವ ಉಯ್ಯಾಲೆಯ ಮೇಲೆ ಕೂರುತ್ತಾರೆ. ಪಕ್ಕದಲ್ಲಿ ಅಕ್ಕ. ಆಫೀಸಿನಲ್ಲಿ ಮಾಡುವ ಹಾಗೆಯೇ ಮೊದಲು ಒಳ್ಳೆಯದು, ಆಮೇಲೆ ತಿದ್ದಿಕೊಳ್ಳಬೇಕಾದದ್ದು. "ಮಂಗಳವಾರದ ಸಾರು ಸೂಪರ್. ಆದರೆ ವಿಭಾ, ಹೂವಿನವನ ಹತ್ತಿರ ಹಲ್ಲು ಕಾಣೋ ಹಾಗೆ ನಗೋ ಅವಶ್ಯ ಏನಿತ್ತು? ಹೇಳು. ಅನು ಏನೂ ಅಂದ್ಕೊಳ್ಳಲ್ಲ, ಅವಳೂ ಮನೆಯವಳೇ."

ಅಕ್ಕ, "ತಪ್ಪಾತು" ಅಂದಳು.

"ಪೂರ್ತಿ ಹೇಳಮ್ಮಾ."

"ಹೂವಿನವನ ಹತ್ರ ನಕ್ಕದ್ದು ತಪ್ಪಾತು."

"ಇನ್ನು ಮೇಲೆ?"

"ನಗೂದಿಲ್ಲ."

ಭಾವ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನನಗೂ ನಗು ಬಂತು. ಹಾಸ್ಟೆಲ್ಲಿನಲ್ಲೂ ಶನಿವಾರ ಹೀಗೆಯೇ ಎಲ್ಲರ ನಡತೆ ಓದುತ್ತಿದ್ದರು. ಅಲ್ಲಿ ಬಯ್ಯುತ್ತಿದ್ದರು, ಇಲ್ಲಿ ಬೈಗುಳವಿಲ್ಲ. ನನಗೆ ಸಿಕ್ಕ ರಿವ್ಯೂ: ಶಿಸ್ತು ಚೆನ್ನಾಗಿದೆ, ಉಗುರು ಕಚ್ಚುವುದು ಬಿಡಬೇಕು. ಅತ್ತೆ, ಅಂದರೆ ಭಾವನ ಅಮ್ಮ ಜಯಲಕ್ಷ್ಮೀ, ರಿವ್ಯೂಗೆ ಬರುವುದಿಲ್ಲ. ಆ ಹೊತ್ತಿಗೆ ದೇವರ ಕೋಣೆಯಲ್ಲಿ ಬತ್ತಿ ಹೊಸೆಯುತ್ತಿರುತ್ತಾರೆ.

ಜುಲೈ 18, ಶುಕ್ರವಾರ

ಅಕ್ಕ ಹೊರಗಾಗಿದ್ದಾಳೆ. ಈ ಮನೆಯಲ್ಲಿ ಅದನ್ನೆಲ್ಲ ಈಗಲೂ ಪಾಲಿಸುತ್ತಾರೆ: ಮೂರು ದಿನ ಹಿತ್ತಲ ಜಗುಲಿಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ, ಯಾರೂ ಮುಟ್ಟುವ ಹಾಗಿಲ್ಲ. ಕಾಲೇಜಿನಲ್ಲಿ ಹೇಳಿದರೆ ಎಲ್ಲರೂ ನನ್ನನ್ನು ಮ್ಯೂಸಿಯಮ್ಮಿನಿಂದ ಬಂದವಳೆಂದು ನೋಡುತ್ತಾರೆ.

ಆದರೆ ಆ ಜಗುಲಿಯಲ್ಲಿ ಅಕ್ಕ ಎಷ್ಟು ನಕ್ಕಳು! ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಹುಣಸೆಬೀಜ ತೇಯ್ದು, ನನ್ನನ್ನು ದೂರ ಕೂರಿಸಿಕೊಂಡು ಆಡಿದಳು. ನನ್ನ ಕಾಯಿ ಕಡಿದಾಗಲೆಲ್ಲ ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ. "ಈ ಮೂರು ದಿನ ನಂಗ ರಜಾ ನೋಡು, ಪುಟ್ಟಿ" ಅಂದಳು. ಮೂಲೆಗೆ ಕೂರಿಸಿದರೆ ಯಾರಾದರೂ ಹೀಗೆ ಖುಷಿಪಡುತ್ತಾರೆಯೇ? ವಿಚಿತ್ರ.

ಜುಲೈ 19, ಶನಿವಾರ

ಅಕ್ಕ ಜಗುಲಿಯಲ್ಲೇ ಇದ್ದುದರಿಂದ ಇವತ್ತು ರಿವ್ಯೂಗೆ ನಾನೊಬ್ಬಳೇ. ಭಾವ ಕೇಳಿದರು: "ನೀನು ಸೈಕಾಲಜಿ ಓದೋವಳು. ನಿನ್ನ ಅಕ್ಕನ ಮನಸ್ಸು ನಿನಗಿಂತ ಯಾರಿಗೆ ಗೊತ್ತು? ಈ ವಾರ ಅವಳು ಹೇಗಿದ್ದಳು, ನೀನೇ ಸೊಲ್ಲು, ಹೇಳು."

ಯಾರೂ ನನ್ನ ಅಭಿಪ್ರಾಯವನ್ನು ಇಷ್ಟು ಗಂಭೀರವಾಗಿ ಕೇಳಿದ್ದಿಲ್ಲ. ಅಕ್ಕ ಅಮ್ಮನ ತಂಗಿ, ಧಾರವಾಡದ ಶಕ್ಕು ಮಾವಶಿಯ ಜೊತೆ ಫೋನಿನಲ್ಲಿ ಅತ್ತದ್ದನ್ನು ಹೇಳಿದೆ. "ನಾ ಅಲ್ಲೇ ಬಂದು ಸಾಲ್ಯಾಗ ಹಾಡು ಕಲಸ್ತೀನಿ" ಅಂದದ್ದನ್ನೂ ಹೇಳಿದೆ. ಭಾವನ ಕಣ್ಣಲ್ಲಿ ನೀರು. "ಪಾವಂ, ಪಾಪ" ಅಂದರು. "ನನ್ನ ಹತ್ತಿರ ಹೇಳೋಕ್ಕೆ ಆಗಿಲ್ಲ ನೋಡು ಅವಳಿಗೆ. ಥ್ಯಾಂಕ್ಸ್ ಕಣ್ಣಾ. ಈ ಮನೆಯಲ್ಲಿ ನೀನೊಬ್ಬಳಾದರೂ ಉಳ್ಳದ್ದು ಉಳ್ಳ ಹಾಗೆ ಹೇಳ್ತೀಯಲ್ಲ."

ಎರಡು ವಾರದಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಇವತ್ತು ಬರುತ್ತದೆ.

ಜುಲೈ 21, ಸೋಮವಾರ

ಅಕ್ಕನ ಫೋನು ಈಗ ಭಾವನ ಹತ್ತಿರ. ಫೋನು ಮನಸ್ಸಿಗೆ ಒಳ್ಳೆಯದಲ್ಲ, ನಿಜವೇ. ಮಾವಶಿ ಜೊತೆ ಮಾತಾಡಬೇಕಾದರೆ ಸಂಜೆ ಸ್ಪೀಕರಿನಲ್ಲಿ ಹಾಕಿ ಕೊಡುತ್ತಾರೆ.

ಅಕ್ಕ ನನ್ನ ಡಬ್ಬಿಗೆ ಅವಲಕ್ಕಿ ತುಂಬಿ, ಮುಚ್ಚಳವನ್ನು ಎರಡು ಸಲ ಒತ್ತಿದಳು. ಅವಳ ಮಣಿಕಟ್ಟಿನ ಒಳಬದಿ ಹಳದಿ-ಹಸಿರು. "ಬಳಿ ತಾಗೇದ" ಅಂದಳು.

ಜುಲೈ 24, ಗುರುವಾರ

ಕ್ಲಾಸಿನಲ್ಲಿ ಇವತ್ತು ಒಂದು ಸ್ಲೈಡ್ ತೋರಿಸಿದರು. ಸಂಗಾತಿ ನಿಮ್ಮ ಫೋನು ನೋಡುತ್ತಾನೆಯೇ, ತವರಿನವರಿಂದ ದೂರ ಮಾಡುತ್ತಾನೆಯೇ, ಯಾರೊಡನೆ ನಕ್ಕಿರಿ ಎಂದು ಕೇಳುತ್ತಾನೆಯೇ ಎಂದು. ಹೊಡೆಯದೆಯೂ ಹಿಂಸೆ ಇರುತ್ತದಂತೆ. ನನಗೆ ನೇರವಾಗಿ ಕೋಮಲಾಳ ನೆನಪಾಯಿತು.

ಕೋಮಲಾ ನನ್ನ ಬೆಂಚಿನವಳು. ಅಪ್ಪ ಅಂಬತ್ತೂರಿನಲ್ಲಿ ಬೋಲ್ಟು-ನಟ್ಟಿನ ಅಂಗಡಿ ಇಟ್ಟಿದ್ದಾರೆ, ಮೂಲ ಗದಗದ ಕಡೆ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಬಾಯಿ ತೆರೆದರೆ ಅರ್ಧ ತಮಿಳು. ಅವಳ ಗೆಳೆಯ ಅಭಿಲಾಷ್ ಗಂಟೆಗೊಂದು ಮೆಸೇಜ್ ಕಳಿಸುತ್ತಾನೆ. ಊಟದ ಹೊತ್ತಿಗೆ ಅವಳನ್ನು ಪಕ್ಕಕ್ಕೆ ಕರೆದು ಸ್ಲೈಡಿನಲ್ಲಿದ್ದುದನ್ನೆಲ್ಲ ಒಂದೊಂದಾಗಿ ಕೇಳಿದೆ.

ಅವಳು ಬಿದ್ದು ಬಿದ್ದು ನಕ್ಕಳು. "ಏಯ್ ಲೂಸು! ಅವನು ನನ್ನ ನೋಟ್ಸ್ ಕೇಳ್ತಾನೆ ಡೀ, ಅಷ್ಟೇ. ನಿಂಗೆ ಎಲ್ಲರೂ ಪೇಷೆಂಟ್ ತಾನಾ?"

ಅಪಾಯದಲ್ಲಿರುವವರಿಗೆ ಅದು ಕಾಣುವುದಿಲ್ಲವೆಂದು ಮೇಡಂ ಹೇಳಿದ್ದರು. ಎಷ್ಟು ಸತ್ಯ.

ಜುಲೈ 28, ಸೋಮವಾರ

ಅಕ್ಕ ಹೊಸದೊಂದು ಹಟ ಹಿಡಿದಿದ್ದಾಳೆ. ಮಡಿ.

ಅಡಿಗೆಗೆ, ದೇವರ ಪೂಜೆಗೆ ಮಡಿ ಇದ್ದದ್ದೇ. ತಲೆಗೆ ನೀರು ಹೊಯ್ದುಕೊಂಡು, ಎತ್ತರದ ಗಳದ ಮೇಲೆ ಯಾರೂ ಮುಟ್ಟದ ಹಾಗೆ ಒಣಗಿಸಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟುಕೊಂಡರೆ ಮಡಿ. ಆಮೇಲೆ ಮೈಲಿಗೆಯಲ್ಲಿರುವವರು ಮುಟ್ಟಿದರೆ ಕೆಟ್ಟಿತು, ಮತ್ತೆ ಸ್ನಾನ. ಪೂಜೆ ಮುಗಿದು ಊಟವಾದರೆ ಮಡಿಯೂ ಮುಗಿಯುತ್ತದೆ. ಆದರೆ ಅಕ್ಕ ಈಗ ಇಡೀ ದಿನ ಅದರಲ್ಲೇ ಇದ್ದಾಳೆ. ಚಾತುರ್ಮಾಸ್ಯದ ವ್ರತವಂತೆ. ಸೀರೆ ಒಣಗಿರದಿದ್ದರೆ ಒದ್ದೆಯದನ್ನೇ ಉಡುತ್ತಾಳೆ. ಮಲಗುವುದು ದೇವರ ಕೋಣೆಯ ಮುಂದೆ, ಅತ್ತೆಯ ಪಕ್ಕದಲ್ಲಿ. ಭಾವ ಆಫೀಸಿನಿಂದ ಬರುವ ಹೊತ್ತಿಗೆ ಮತ್ತೊಮ್ಮೆ ಬಚ್ಚಲಲ್ಲಿ ನೀರು ಸುರಿಯುವ ಸದ್ದು.

ಅತ್ತೆ ಏನಾದರೂ ಹೇಳುತ್ತಾರೆಂದು ನೋಡಿದೆ. "ಮಡಿ ತಾನೇ, ಒಳ್ಳೇದು ತಾನೇ. ಇರಲಿ ಬಿಡು" ಅಂದರು. ಮದುವೆಯಾದಾಗಿನಿಂದ ಗಂಡ ಪಂಢರಿನಾಥ ರಾಯರು ಹೋಗುವವರೆಗೂ ಜಯಲಕ್ಷ್ಮೀ ಮಾಮಿ ಮಡಿ ಬಿಟ್ಟದ್ದೇ ಇಲ್ಲವೆಂದು ಈ ಬೀದಿಯಲ್ಲೆಲ್ಲ ಹೆಸರು.

ಆಗಸ್ಟ್ 2, ಶನಿವಾರ

ರಿವ್ಯೂ. ಅಕ್ಕ ಅಡಿಗೆಮನೆಯ ಹೊಸ್ತಿಲ ಒಳಗೆ ನಿಂತೇ ಉತ್ತರ ಕೊಟ್ಟಳು. ಭಾವ ಉಯ್ಯಾಲೆಯ ಮೇಲೆ ಪಕ್ಕದ ಜಾಗವನ್ನು ತಟ್ಟಿದರು. ಅವಳು ಬರಲಿಲ್ಲ. "ಮಡಿ ಇದ್ದೀನಿ."

ಭಾವ ನಕ್ಕರು. "ಹೋದ ತಿಂಗಳು ಎರಡು ಸಲ ಹೊರಗಾದೆ. ಈಗ ದಿನಪೂರ್ತಿ ಮಡಿ. ಭಾಗ್ಯಶಾಲಿ ನಾನು, ಮನೆಯಲ್ಲೊಂದು ಮಠ." ಆಮೇಲೆ ತಮಿಳಿನಲ್ಲಿ ಏನೋ ಅಂದರು, ನನಗೆ ಪೂರ್ತಿ ತಿಳಿಯಲಿಲ್ಲ. ಅಕ್ಕ ಸೌಟನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡಳು.

ಅವಳು ಒಳಗೆ ಹೋದ ಮೇಲೆ ಭಾವ ನನ್ನ ಪುಸ್ತಕ ತರಿಸಿ ನೋಡಿದರು. ಪದೇ ಪದೇ ತೊಳೆಯುವುದು, ಮುಟ್ಟಿದರೆ ಹೆದರುವುದು. ಇದಕ್ಕೆ ಪುಸ್ತಕದಲ್ಲಿ ಹೆಸರಿದೆ, ಚಿಕಿತ್ಸೆಯೂ ಇದೆ: ಯಾವುದಕ್ಕೆ ಹೆದರುತ್ತಾರೋ ಅದನ್ನೇ ಮೆಲ್ಲಗೆ ಎದುರಿಸುವಂತೆ ಮಾಡುವುದು. ನಾನೇ ಓದಿ ಹೇಳಿದೆ. ಭಾವ ತಲೆದೂಗಿದರು. "ನೋಡು, ನಾವು ಲಕ್ಷ ಕೊಟ್ಟು ಡಾಕ್ಟರ್ ಹತ್ತಿರ ಹೋಗೋದು ಬೇಡ. ನಮ್ಮ ಮನೆಯಲ್ಲೇ ಇದ್ದಾಳೆ."

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಬೀದಿಯ ಹೆಂಗಸರೆಲ್ಲ ಬಂದಿದ್ದರು. ಅಕ್ಕ ತೆಳ್ಳಗಾಗಿದ್ದಾಳೆ, ನೆಗಡಿ ಬಿಟ್ಟೇ ಇಲ್ಲ. ಆದರೂ ಎಲ್ಲರೂ ಅವಳನ್ನು ಹೊಗಳಿದರು. "ಇಂದ ಕಾಲತ್ತಿಲೆ ಇಪ್ಪಡಿಯೊಂದು ಸೊಸೆ!" ಎಂದು ಎದುರುಮನೆ ಮಾಮಿ; ಈ ಕಾಲದಲ್ಲೂ ಇಂಥ ಸೊಸೆಯೇ ಎಂದು. ಯಾರೂ ತಾಗದಂತೆ ಸೆರಗು ಎಳೆದುಕೊಂಡು ಅವಳಿಗೆ ದಾರಿ ಬಿಡುತ್ತಿದ್ದರು.

ಅರಿಸಿನ-ಕುಂಕುಮ ನಡೆಯುತ್ತಿರುವಾಗ ಭಾವ ಎಲ್ಲರ ಮುಂದೆ ಅತ್ತೆಯ ಕಾಲಿಗೆ ಬಿದ್ದು, ಮಂತ್ರಾಲಯಕ್ಕೆ ಟಿಕೆಟ್ ಕೊಟ್ಟರು. ಮೂರು ದಿನದ ಆರಾಧನೆಗೆ ನಾಳೆಯೇ ಹೊರಡಬೇಕು. ಹೆಂಗಸರೆಲ್ಲ "ಆಹಾ, ಎಂಥ ಮಗ!" ಅಂದರು. ಅತ್ತೆ ಟಿಕೆಟನ್ನು ಹಿಡಿದು ನಿಂತರು. "ನಾನು ಹೋಗಲ್ಲಪ್ಪ, ಮೊಣಕಾಲು ನೋವು" ಎಂದು ಶುರುಮಾಡಿದರು. ಎದುರುಮನೆ ಮಾಮಿಯೇ, "ರಾಯರು ಕರೆದ್ರೆ ಬೇಡ ಅಂತಾರಾ?" ಎಂದು ಗದರಿಸಿದರು. ಅತ್ತೆ ಅಕ್ಕನ ಕಡೆ ನೋಡಿದರು. ಅಕ್ಕ ಕಲಶದ ಕಡೆ ನೋಡುತ್ತಿದ್ದಳು.

ಆಗಸ್ಟ್ 9, ಶನಿವಾರ

ಅತ್ತೆಯನ್ನು ಎಗ್ಮೋರಿನಲ್ಲಿ ರೈಲು ಹತ್ತಿಸಿ ಬಂದೆವು. ಭಾವ ನೀರಿನ ಬಾಟಲಿ ತರಲು ಹೋದಾಗ ಅತ್ತೆ ಕಿಟಕಿಯ ಸರಳಿನ ಹಿಂದಿನಿಂದ, "ಅನು, ಅವಳ ಮಡಿ ಕೆಡದ ಹಾಗೆ ನೋಡ್ಕೋ" ಅಂದರು. ಆರಾಧನೆಗೆ ಹೋಗುವಾಗಲೂ ಮಡಿಯದೇ ಚಿಂತೆ. ನನಗೆ ನಗು ಬಂತು.

ಮನೆಗೆ ಬಂದರೆ ಅಕ್ಕ ಅಡಿಗೆಮನೆಯಲ್ಲಿ ಒದ್ದೆ ಸೀರೆಯಲ್ಲಿ ನಿಂತಿದ್ದಳು. ಹಲ್ಲು ಕಟಕಟ ಅನ್ನುತ್ತಿತ್ತು. ಪಿಸುದನಿಯಲ್ಲಿ ಹೇಳಿದಳು: "ಪುಟ್ಟಿ, ಒಂದ ಮಾತು. ಅತ್ತಿಯವರು ಬರೋತನಕ ನನ್ನ ಮುಟ್ಟಬ್ಯಾಡ. ಯಾರ ಏನ ಹೇಳಿದ್ರೂ. ಆಟಕ್ಕೂ ಮುಟ್ಟಬ್ಯಾಡ. ಆಯ್ತೇನು?"

"ಆಯ್ತು."

"ಅವಂಗ ದೇವರ ಭಯ ಅದ. ತಾನಾಗಿ ಮುಟ್ಟೂದಿಲ್ಲ."

ಎಂಥ ಮಾತು! ಪುಸ್ತಕದಲ್ಲಿ ಹೀಗೆಯೇ ಇದೆ. ರೋಗಿ ಮನೆಯವರನ್ನೆಲ್ಲ ತನ್ನ ನಿಯಮದೊಳಗೆ ಎಳೆದುಕೊಳ್ಳುತ್ತಾರೆ.

ಆಗಸ್ಟ್ 10, ಭಾನುವಾರ

ನಾನು ಸರಿಯಾದದ್ದನ್ನೇ ಮಾಡಿದೆ.

ಬೆಳಿಗ್ಗೆ ಪೂಜೆ ಮುಗಿಸಿ ಭಾವ ನನ್ನನ್ನು ಕರೆದರು. ಹಣೆಯ ಮೇಲೆ ಗೋಪೀಚಂದನ ಇನ್ನೂ ಹಸಿ. "ಕಣ್ಣಾ, ಅವಳು ಹೀಗೇ ಇದ್ದರೆ ನ್ಯುಮೋನಿಯಾ ಬಂದು ಹೋಗ್ತಾಳೆ. ನಾನು ಮಡಿ ಕೆಡಿಸಿದರೆ ಪಾಪ. ನೀನು ಮಗು, ತಂಗಿ. ಒಂದು ಸಲ ಮುಟ್ಟಿದರೆ ಸಾಕು. ನೀನೇ ಓದಿ ಹೇಳಿದೆಯಲ್ಲ?"

ಅಕ್ಕ ತುಳಸಿಗೆ ನೀರು ಹಾಕುತ್ತಿದ್ದಳು, ಬೆನ್ನು ನನ್ನ ಕಡೆ. ನಾನು ಹೋಗಿ ಅವಳ ಭುಜದ ಮೇಲೆ ಕೈ ಇಟ್ಟೆ. ತಣ್ಣಗೆ, ಮೀನಿನ ಮೈ ಹಾಗೆ. "ನೋಡು ಅಕ್ಕ, ಏನೂ ಆಗಲಿಲ್ಲ" ಅಂದೆ. ಪುಸ್ತಕದಲ್ಲಿ ಹಾಗೆ ಹೇಳಬೇಕೆಂದಿದೆ.

ಅವಳು ಕಿರುಚುತ್ತಾಳೆಂದು ಎಣಿಸಿದ್ದೆ. ಕಿರುಚಲಿಲ್ಲ. ತನ್ನ ಭುಜವನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು. ಚೊಂಬನ್ನು ಕಟ್ಟೆಯ ಮೇಲಿಟ್ಟು ಬಚ್ಚಲ ಕಡೆ ಓಡಿದಳು. ಬಚ್ಚಲ ಬಾಗಿಲಲ್ಲಿ ಭಾವ ನಿಂತಿದ್ದರು.

"ಈಗ ಮಡಿ ಇಲ್ಲ ತಾನೇ?" ಅಂದರು, ಅದೇ ಮೆದು ದನಿಯಲ್ಲಿ. ಅವಳ ಮಣಿಕಟ್ಟು ಹಿಡಿದುಕೊಂಡರು. ನನಗೆ, "ಮೇಲೆ ಹೋಗಿ ಓದ್ಕೋ. ಹಾಡು ಹಾಕ್ಕೊಂಡು ಓದು" ಅಂದರು.

ಹಾಡು ಹಾಕಿಕೊಂಡು ಓದಿದೆ.

ಆಗಸ್ಟ್ 11, ಸೋಮವಾರ

ಅಕ್ಕ ಟೇಬಲ್ಲಿಗೆ ಬಂದು ಊಟ ಮಾಡಿದಳು. ಒಣ ಸೀರೆ. ಕೈಯಲ್ಲಿ ಬಳೆ ಇಲ್ಲ. ಭಾವ ತಟ್ಟೆಗೆ ಬಡಿಸಿದ್ದನ್ನೆಲ್ಲ ತಿಂದಳು. ಚಿಕಿತ್ಸೆ ಫಲಿಸಿದೆ.

ಆಗಸ್ಟ್ 12, ಮಂಗಳವಾರ

ಹಿತ್ತಲಲ್ಲಿ ಗಾಜಿನ ಬಳೆಚೂರು ತುಳಿದೆ. ಕಾಲಿಗೇನೂ ಆಗಿಲ್ಲ.

ಆಗಸ್ಟ್ 13, ಬುಧವಾರ

ಅತ್ತೆ ಮಂತ್ರಾಲಯದಿಂದ ಬಂದರು. ಬಾಗಿಲಲ್ಲಿ ಚೀಲ ಇಳಿಸಿದವರೇ ಒಳಗೆ ನೋಡಿದರು. ಅಕ್ಕ ಭಾವನ ಪಕ್ಕದಲ್ಲಿ ಉಯ್ಯಾಲೆಯ ಮೇಲೆ ಕೂತಿದ್ದಳು, ಮಣಿಕಟ್ಟು ಅವರ ಕೈಯಲ್ಲಿ.

"ಯಾರು ಮುಟ್ಟಿದ್ದು?" ಎಂದರು ಅತ್ತೆ.

"ಅನು ತಾನ್" ಎಂದು ಭಾವ ನಕ್ಕರು. "ನಮ್ಮ ಡಾಕ್ಟರಮ್ಮ."

ಅತ್ತೆ ನನ್ನನ್ನು ನೋಡಿದರು. ಬಯ್ಯಲಿಲ್ಲ. ಮಂತ್ರಾಕ್ಷತೆ ಕೊಡುವಾಗ ಎಲ್ಲರ ಅಂಗೈಗೆ ಒತ್ತಿ ಇಟ್ಟರು. ನನಗೆ ಮಾತ್ರ ಮೇಲಿನಿಂದ ಉದುರಿಸಿದರು. ನಾಲ್ಕು ಕಾಳು ನೆಲಕ್ಕೆ ಬಿದ್ದವು. ಆರಿಸಿಕೊಂಡೆ.

ಆಗಸ್ಟ್ 16, ಶನಿವಾರ

ಇವತ್ತು ರಿವ್ಯೂನಲ್ಲಿ ಅಕ್ಕನನ್ನು ಎದುರಿನ ಕುರ್ಚಿಗೆ ಕಳಿಸಿ ಭಾವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ನನ್ನ ಮಣಿಕಟ್ಟು ಹಿಡಿದರು. ಮೊದಲು ಒಳ್ಳೆಯದು: ಅನು ಇಲ್ಲದಿದ್ದರೆ ಈ ಮನೆ ಏನಾಗುತ್ತಿತ್ತು. ಆಮೇಲೆ ಮೆದುವಾಗಿ: ಕೋಮಲಾ ಅನ್ನೋ ಹುಡುಗಿ ಸರಿಯಿಲ್ಲ, ಮೆಸೇಜ್ ಎಲ್ಲ ನೋಡಿದೆ, ನಿನ್ನ ಫೋನೂ ಇನ್ನು ಮೇಲೆ ನನ್ನ ಹತ್ತಿರ ಇರಲಿ, ಸರಿಯಾ?

ಪರೀಕ್ಷೆಗೆ ಫೋನು ಬೇಕಲ್ಲ ಭಾವ, ಅಂದೆ. ಅಷ್ಟೇ ಅಂದದ್ದು.

ಹೊರಗಿನಿಂದ ನೋಡಿದರೆ ಕೈ ಹಿಡಿದುಕೊಂಡ ಹಾಗೆಯೇ ಇತ್ತು. ಅವನ ಹೆಬ್ಬೆರಳು ಮಾತ್ರ ಒಳಗೆ, ಎರಡು ಎಲುಬಿನ ನಡುವೆ ನರವಿರುವಲ್ಲಿಗೆ ಹೋಗಿ ನಿಂತಿತು. ಒತ್ತಿತು. ನಗುತ್ತಲೇ ಇದ್ದ. ನನ್ನ ಬೆರಳುಗಳು ತಮ್ಮಷ್ಟಕ್ಕೆ ಬಿಚ್ಚಿಕೊಂಡವು. "ಪೂರ್ತಿ ಹೇಳಮ್ಮಾ" ಅಂದ.

"ಎದುರು ಮಾತಾಡಿದ್ದು ತಪ್ಪಾಯಿತು."

"ಇನ್ನು ಮೇಲೆ?"

ಎದುರಿನ ಕುರ್ಚಿಯಲ್ಲಿ ಅಕ್ಕ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಮಣಿಕಟ್ಟನ್ನು ನೋಡುತ್ತಿದ್ದಳು.

ಆಗಸ್ಟ್ 17, ಭಾನುವಾರ

ಹಳದಿ-ಹಸಿರು ಇನ್ನೂ ಆಗಿಲ್ಲ. ಮೊದಲು ಕೆಂಪು, ಆಮೇಲೆ ನೀಲಿ.

ಅತ್ತೆ ಬತ್ತಿ ಹೊಸೆಯುತ್ತಿದ್ದರು. ಹೋಗಿ ಎದುರು ಕೂತೆ. ನನ್ನ ಕೈ ನೋಡಿ, "ಅವರಪ್ಪನೂ ಅಲ್ಲೇ ಹಿಡಿಯೋರು" ಅಂದರು. ಮತ್ತೊಂದು ಬತ್ತಿ ಹೊಸೆದರು. "ಮಡಿ ಮಾಮಿ, ಮಡಿ ಮಾಮಿ ಅಂತ ಬೀದಿಯೆಲ್ಲ ಕೈ ಮುಗಿಯೋರು. ನನಗೇನು ಅಷ್ಟು ಭಕ್ತಿ ಅಂದುಕೊಂಡ್ಯಾ?"

"ನನಗೆ ಯಾಕೆ ಮೊದಲೇ ಹೇಳಲಿಲ್ಲ?"

"ನೀನು ಅವನಿಗೆ ಎಲ್ಲಾನೂ ಸೊಲ್ಲೋವಳು, ಅಮ್ಮಾ."

ಆಗಸ್ಟ್ 18, ಸೋಮವಾರ

ಕಾಲೇಜಿನಲ್ಲಿ ಕೋಮಲಾಳಿಗೆ ಕೈ ತೋರಿಸಿದೆ. ಈ ಸಲ ನಗಲಿಲ್ಲ. "ಇದಕ್ಕೆ ಹೆಸರಿದೆ ಡೀ. ನೀನೇ ನನಗೆ ಕ್ಲಾಸ್ ತಗೊಂಡೆಯಲ್ಲ, ಕ್ಯಾಂಟೀನ್‌ನಲ್ಲಿ" ಅಂದಳು. ಆಮೇಲೆ ಅವಳ ಅಮ್ಮನಿಗೆ ಫೋನ್ ಮಾಡಿದಳು. "ಅಕ್ಕನ ಕರ್ಕೊಂಡು ನಮ್ಮನೆಗೆ ಬಾ. ಆಟೋ ಹಿಡಿ, ಬಾ. ಬೇರೆ ಏನೂ ಯೋಚನೆ ಮಾಡಬೇಡ."

ಸಂಜೆ ಬಂದವಳೇ ತಲೆಗೆ ನೀರು ಹೊಯ್ದುಕೊಂಡೆ. ಸೀರೆ ಕೋಲಿನಿಂದ ಜಾರಿ ಜಾರಿ ಬೀಳುತ್ತಿತ್ತು. ಅಕ್ಕ ಬಚ್ಚಲ ಬಾಗಿಲಿಗೆ ಬಂದಳು, ಅವಳೂ ಒದ್ದೆ. ಅಷ್ಟು ದಿನಗಳಲ್ಲಿ ನನ್ನೊಂದಿಗೆ ಆಡಿದ ಮೊದಲ ಮಾತು: "ಕೂದಲ ಪೂರ್ತಿ ನೆನೀಬೇಕು. ಬುಡ ಒಣ ಇದ್ರ ಅವ ಮಡಿ ಅಲ್ಲಂತಾನ." ಇನ್ನೊಂದು ತಂಬಿಗೆ ಸುರಿದಳು. ಕೋಮಲಾಳ ಮನೆಯ ವಿಷಯ ನೀರಿನ ಸದ್ದಿನೊಳಗೇ ಹೇಳಿದೆ. ಕೇಳಿಸಿತೋ ಇಲ್ಲವೋ.

ಅವನು ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತ. ಅಕ್ಕ ಒಲೆಯ ಬಳಿ, ನಾನು ಈಳಿಗೆಮಣೆಯ ಬಳಿ. "ಓಹೋ. ಇಬ್ಬರೂನಾ?" ಅಂದ.

"ಮೂವರು" ಅಂದರು ಅತ್ತೆ, ದೇವರ ಕೋಣೆಯಿಂದ. ಅವರ ಸೀರೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

ಅವನು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. "ಪಾರ್ಕಲಾಂ" ಅಂದ. ನೋಡೋಣ.

ಆಗಸ್ಟ್ 20, ಬುಧವಾರ, ಅಂಬತ್ತೂರು

ನಿನ್ನೆ ಬರೆಯಲಾಗಲಿಲ್ಲ. ಡೈರಿ ಆ ಮನೆಯಲ್ಲೇ ಉಳಿಯಿತು, ಇದು ಕೋಮಲಾಳ ನೋಟ್ಸಿನ ಹಾಳೆ.

ನಿನ್ನೆ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರಿಲ್ಲ. ಬಚ್ಚಲ ಹಂಡೆ ಬೋರಲು. ಮೋಟರಿನ ಕೋಣೆಗೆ ಹೊಸ ಬೀಗ. ಅವನು ರಜೆ ಹಾಕಿ ಉಯ್ಯಾಲೆಯ ಮೇಲೆ ಕೂತು ಪೇಪರ್ ಓದುತ್ತಿದ್ದ. "ಟ್ಯಾಂಕ್ ಕ್ಲೀನಿಂಗ್" ಅಂದ. "ಇವತ್ತು ಒಂದು ದಿನ ಎಲ್ಲರೂ ಮಡಿಗೆ ಲೀವ್ ಹಾಕಿ." ಅಕ್ಕನ ಮೈಮೇಲಿನ ಸೀರೆ ಆಗಲೇ ಒಣಗಿತ್ತು. ಅವನು ಪೇಪರನ್ನು ನಿಧಾನವಾಗಿ ಮಡಿಸತೊಡಗಿದ.

ಅತ್ತೆ ಅಡಿಗೆಮನೆಯಿಂದ ಮೂರು ಕೊಡ ತಂದು ಒಂದನ್ನು ಅಕ್ಕನ ಸೊಂಟಕ್ಕೆ ಇಟ್ಟರು, ಒಂದನ್ನು ನನ್ನದಕ್ಕೆ. "ಬೀದಿ ಪಂಪಿದೆ. ದೇವರಿಗೆ ನೀರು ಬೇಡವಾ?" ಅಂದರು. ದೇವರಿಗೆ ಬೇಡವೆಂದು ಅವನು ಹೇಳಲಾರದೇ ಹೋದ.

ಅಕ್ಕ ಗೇಟು ದಾಟಿ ತಿಂಗಳೇ ಆಗಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು. ಮೂಲೆಯ ಕೈಪಂಪಿನ ಹತ್ತಿರ ಎದುರುಮನೆ ಮಾಮಿ, "ಏನು ಜಯಾ, ಮೋಟರ್ ರಿಪೇರಿಯಾ?" ಎಂದು ಕೇಳಿದರು. "ಅದು ರಿಪೇರಿ ಆಗೋ ಜಾತಿಯಲ್ಲ" ಅಂದರು ಅತ್ತೆ. ನಾನು ಪಂಪು ಹೊಡೆದೆ. ಅತ್ತೆ ಮೊದಲ ಕೊಡವನ್ನು ನಡುಬೀದಿಯಲ್ಲೇ ಅಕ್ಕನ ತಲೆಗೆ ಸುರಿದರು. ಎರಡನೆಯದು ನನಗೆ. ಮೂರನೆಯದು ತಮಗೆ.

"ಈಗ ನಡಿ" ಅಂದರು ಅಕ್ಕನಿಗೆ. "ಮನೆ ಕಡೆ ಅಲ್ಲ."

ಅಂದರೆ ನೀರಿನ ಸದ್ದಿನಲ್ಲಿ ಹೇಳಿದ್ದು ಅತ್ತೆಗೂ ಕೇಳಿಸಿತ್ತು.

ಅಕ್ಕ ನಡೆದಳು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಹೂವಿನವನು ಸೈಕಲ್ ಪಕ್ಕಕ್ಕೆಳೆದ. ಮಾಮಿ ಸೆರಗು ಎಳೆದುಕೊಂಡು ಗೋಡೆಗೆ ಸರಿದರು. "ಮಡಿ, ಮಡಿ, ಸರೀರಿ" ಎಂದು ಯಾರೋ ಶಾಲೆ ಮಕ್ಕಳನ್ನು ಹಿಂದಕ್ಕೆ ಎಳೆದರು. ಬೀದಿ ಎರಡಾಗಿ ದಾರಿ ಬಿಟ್ಟುಕೊಟ್ಟಿತು.

ಅವನು ಗೇಟಿಗೆ ಓಡಿಬಂದ. ಅಷ್ಟರಲ್ಲಿ ಅತ್ತೆ ಹಿಂದೆ ಹೋಗಿ ಗೇಟಿನ ನಡುವೆ ನಿಂತಿದ್ದರು, ಎರಡೂ ಕೈ ಕಂಬಕ್ಕೆ ಕೊಟ್ಟು.

"ದಾರಿ ಬಿಡು ಅಮ್ಮಾ."

"ನಾನು ಮಡಿ, ಗುರು. ಮುಟ್ಟಿ ಹೋಗು. ಬೀದಿ ನೋಡಲಿ."

ಅವನು ಬೀದಿಯನ್ನು ನೋಡಿ ನಕ್ಕ. "ಪೂಜೆ, ಪೂಜೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, ಆ ಮೆದು ದನಿಯಲ್ಲಿ, "ಅನು ಕಣ್ಣಾ. ಅಕ್ಕನ ಕರ್ಕೊಂಡು ಬಾ" ಎಂದ.

ಬರೆಯಬೇಕು, ಯಾರೂ ಓದುವುದಿಲ್ಲ: ನನ್ನ ಕಾಲು ಎರಡು ಹೆಜ್ಜೆ ಅವನ ಕಡೆಗೆ ಹೋಯಿತು. ಗಂಟೆ ಹೊಡೆದ ಹಾಗಿತ್ತು. ಅಕ್ಕ ತಿರುಗಿ ಅದನ್ನು ನೋಡಿದಳು. ಆಮೇಲೆ ಕೊಡ ಬಿಸಾಡಿ ಓಡಿದೆ, ಅವಳ ಹಿಂದೆ.

ಆಟೋದವನು ಸೀಟು ಒದ್ದೆಯಾಯಿತೆಂದು ಅಂಬತ್ತೂರಿನವರೆಗೂ ಗೊಣಗಿದ. ನಾವಿಬ್ಬರೂ ಸೀಟಿನ ಆ ತುದಿ, ಈ ತುದಿ. ಅತ್ತೆಗೆ ಆ ಮನೆಯೊಳಗೆ ಏನಾಯಿತೋ ಗೊತ್ತಿಲ್ಲ. ಫೋನು ಮಾಡಿದರೆ ಅವನು ಎತ್ತುತ್ತಾನೆ.

ಕೋಮಲಾಳ ಅಮ್ಮ ನೀಲಗಂಗಮ್ಮ ಅಕ್ಕನನ್ನು ಒಳಗೆ ಕರೆದೊಯ್ದು ಒಣ ಸೀರೆ ಉಡಿಸಿದರು. ಹೊರಗೆ ಬಂದು ಗೋಡೆಗೆ ಒರಗಿ ನಿಂತರು. "ಯಪ್ಪಾ, ಆ ಬೆನ್ನು" ಅಂದರು. "ಕೋಮಲಾ, ಲೇಡಿ ಡಾಕ್ಟರನ್ನ ಕರಿ. ಪೊಲೀಸ್ ಸ್ಟೇಷನ್‌ಗೆ ಆಮ್ಯಾಲ ಹೋಗೂಣು." ಶಕ್ಕು ಮಾವಶಿ ರೈಲು ಹತ್ತಿದ್ದಾರೆ.

ಇವತ್ತು ಅಕ್ಕನಿಗೆ ಜ್ವರ. ಮೂಲೆಯ ಚಾಪೆಯ ಮೇಲೆ ಮುದುಡಿ ಮಲಗಿ ನಡುಗುತ್ತಿದ್ದಳು. ನಾನು ಕೌದಿ ತಂದು ಹೊದಿಸಲು ಬಗ್ಗಿದೆ.

"ಮುಟ್ಟಬ್ಯಾಡ" ಅಂದಳು, ಕಣ್ಣು ತೆರೆಯದೆ.

"ಈಗ ಮಡಿ ಇಲ್ಲವಲ್ಲ, ಅಕ್ಕ."

ಅವಳು ಕಣ್ಣು ತೆರೆದಳು. ಆ ಮಾತು ಮೊದಲು ಯಾರ ಬಾಯಿಂದ ಬಂದಿತ್ತೆಂದು ನನಗೆ ಆಮೇಲೆ ಹೊಳೆಯಿತು.

"ಅದಕ್ಕ ಹೇಳ್ಲಿಕ್ಕತ್ತೀನಿ" ಅಂದಳು. "ಮುಟ್ಟಬ್ಯಾಡ."

ಕೌದಿಯನ್ನು ಅವಳ ಕೈಗೆಟುಕುವ ಹಾಗೆ ನೆಲದ ಮೇಲೆ ಇಟ್ಟು ಹಿಂದೆ ಸರಿದೆ.